ಯಾವ ಗೊಮ್ಮಟ ಬೇಕು ಮಗಾ?

ಬೆಳ್ತಂಗಡಿ ತಾಲ್ಲೂಕಿನ ಹುಡುಗಿಯೊಬ್ಬಳು ಶಾಲೆ ಬಿಟ್ಟ ಮೇಲೆ ಗ್ರಂಥಾಲಯಕ್ಕೆ ಬಂದಳು ಎಂದಿಟ್ಟುಕೊಳ್ಳಿ. “ಸರ್, ಇತಿಹಾಸದ ಪುಸ್ತಕ ಉಂಟಾ?” ಎಂಬುದು ಅವಳ ಪ್ರಶ್ನೆ. ಗ್ರಂಥಪಾಲಕರು ಕಪಾಟಿನತ್ತ ಬೆರಳು ತೋರಿಸಿದರೆ ಅವರ ಕೆಲಸ ಮುಗಿಯಿತು, ಹುಡುಗಿಯದು ಮುಗಿಯಲಿಲ್ಲ. ಅರ್ಧ ಗಂಟೆ ಪುಟ ಮಗುಚಿ, ಬಸ್ಸಿಗೆ ಹೊತ್ತಾಯಿತೆಂದು ಬರಿಗೈಯಲ್ಲಿ ಹೊರಟವಳು ಮತ್ತೆ ಬರುವುದು ಸಂಶಯ.

ಕೇಳುವುದು ಒಂದು, ಬೇಕಾದದ್ದು ಇನ್ನೊಂದು. ಆದ್ದರಿಂದ ಗ್ರಂಥಪಾಲಕರ ಮೊದಲ ಉತ್ತರ ಒಂದು ಪ್ರಶ್ನೆಯೇ ಆಗಿರಬೇಕು. “ಎಂತಕ್ಕೆ ಮಗಾ?” ಎಂದರೆ, “ನಮ್ಮ ತಾಲ್ಲೂಕಿನ ಗೊಮ್ಮಟನ ಬಗ್ಗೆ ಬರೆಯಲಿಕ್ಕೆ” ಎಂಬ ಮಾತು ಹೊರಬರುತ್ತದೆ. ಆಗಲೂ “ಯಾವ ಗೊಮ್ಮಟ?” ಎಂದು ಕೇಳಲೇಬೇಕು. ವೇಣೂರಿನ ಮೂರ್ತಿಯನ್ನು ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು 1604ರಲ್ಲಿ. ಧರ್ಮಸ್ಥಳದ ಮೂರ್ತಿ ಪ್ರತಿಷ್ಠೆಗೊಂಡದ್ದು 1982ರಲ್ಲಿ. ಕೇಳದೆ ಕೊಟ್ಟ ಉತ್ತರ 378 ವರ್ಷ ತಪ್ಪಬಹುದು!

ಎರಡನೆಯದಾಗಿ, ಗೊತ್ತಿದ್ದರೂ ಬಾಯಿಮಾತಿನಲ್ಲಿ ಹೇಳಿ ಕಳುಹಿಸಬಾರದು. ಪುಸ್ತಕ ತೆರೆದು ತೋರಿಸಿ, ಅದರ ಹೆಸರು, ಪುಟಸಂಖ್ಯೆ ಬರೆದುಕೊಳ್ಳಲು ಹೇಳಬೇಕು. ಉತ್ತರದ ಜೊತೆಗೆ ಹುಡುಕುವ ದಾರಿಯೂ ಮಗುವಿಗೆ ಸಿಗುತ್ತದೆ.

ಮೂರನೆಯದಾಗಿ, ಹೆಸರುಗಳ ಗೊಂದಲ. ಮೂಡಬಿದ್ರೆ, ಮೂಡುಬಿದಿರೆ, ಮೂಡಬಿದಿರೆ ಎಲ್ಲವೂ ಒಂದೇ ಊರು. ಒಂದು ರೂಪದಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ನೋಡಬೇಕು. ಪಂಜೆ ಮಂಗೇಶರಾಯರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದಾಗ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅಂದಿನ ದಾಖಲೆಗಳನ್ನು ‘ಸೌತ್ ಕೆನರಾ’ ಹೆಸರಿನಲ್ಲೇ ಹುಡುಕಬೇಕು.

ನಾಲ್ಕನೆಯದಾಗಿ, ‘ಇಲ್ಲ’ ಎಂಬುದು ಕೊನೆಯ ಮಾತಾಗಬಾರದು. ತಾಳೆಗರಿ ಗ್ರಂಥಗಳ ಬಗ್ಗೆ ಕೇಳಿದವರಿಗೆ ಮೂಡುಬಿದಿರೆಯ ಜೈನ ಮಠದ, ತುಳುನಾಡಿನ ಹಳೆಯ ವಸ್ತುಗಳ ಬಗ್ಗೆ ಕೇಳಿದವರಿಗೆ ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ದಾರಿ ತೋರಿಸಬಹುದು. ಕಳುಹಿಸುವ ಮುನ್ನ “ಬೇಕಾದದ್ದು ಸಿಕ್ಕಿತಾ?” ಎಂದು ವಿಚಾರಿಸಿದರೆ ಇನ್ನೂ ಒಳ್ಳೆಯದು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1917ರಲ್ಲಿ ಉಪನ್ಯಾಸಕ ವೃತ್ತಿ ಆರಂಭಿಸಿದ್ದು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ, ಗಣಿತದ ಮೇಷ್ಟ್ರಾಗಿ. 1931ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎನ್ನುತ್ತದೆ. ಕೊನೆಯ ಬಸ್ಸು ಹಿಡಿಯಬೇಕಾದ ಮಗುವಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಹೆತ್ತವರಿಗೂ ಒಂದು ಮಾತು. ಗ್ರಂಥಾಲಯಕ್ಕೆ ಜೊತೆಯಲ್ಲಿ ಹೋಗಿ, ಆದರೆ ಪ್ರಶ್ನೆಯನ್ನು ಮಗುವೇ ಕೇಳಲಿ. ತಡವರಿಸಿದರೂ ಚಿಂತೆಯಿಲ್ಲ. ಕೇಳಲು ಕಲಿತ ಮಗು ಓದಲೂ ಕಲಿಯುತ್ತದೆ.