ಗೃಹಯಂತ್ರ ವಿಚಾರ: ‘ಅಪ್ಪಣೆಯಿಲ್ಲ’ವೆನ್ನುವ ಕಂಪ್ಯೂಟರು

ಮನೆಯ ಕಂಪ್ಯೂಟರನ್ನು ಕುರಿತು ವಾಚಕರು ನಮಗೆ ಬರೆಯುವ ಪತ್ರಗಳಲ್ಲಿ ಒಂದು ದೂರು ನಾನಾ ವೇಷಗಳನ್ನು ತೊಟ್ಟು ಮತ್ತೆಮತ್ತೆ ಬರುತ್ತಿದೆ. ಯಂತ್ರವು ನಮ್ಮದು, ಹಣವನ್ನು ತೆತ್ತವರು ನಾವು, ಕಡತವನ್ನು ಬರೆದವರೂ ನಾವೇ. ಹೀಗಿರುವಲ್ಲಿ ಅದನ್ನು ತೆರೆಯಹೋದರೆ ‘ನಿಮಗೆ ಅಪ್ಪಣೆಯಿಲ್ಲ’ವೆಂದು ಯಂತ್ರವು ಹೇಳುವುದು ಯಾವ ಧೈರ್ಯದಿಂದ ಎಂಬುದೇ ಆ ದೂರಿನ ಸಾರ. ಇದಕ್ಕೆ ಉತ್ತರ ಬರೆಯಬೇಕೆಂದು ನಾವು ಬಹುದಿನಗಳಿಂದ ಎಣಿಸಿ, ಬೇರೆ ವಿಷಯಗಳ ಒತ್ತಡದಿಂದ ಮುಂದಕ್ಕೆ ಹಾಕುತ್ತ ಬಂದಿದ್ದೆವು. ಅಷ್ಟರಲ್ಲಿ ಅದೇ ತೊಡಕು ನಮ್ಮ ಅಕ್ಕನವರ ಮನೆಯಲ್ಲಿ ಒದಗಿತು. ಇನ್ನು ತಡಮಾಡುವಂತಿಲ್ಲ.

ನಮ್ಮ ಭಾವನವರು ತೀರ್ಥಹಳ್ಳಿಯ ಕಡೆ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ನಿವೃತ್ತಿಯ ತರುವಾಯ, 2008ನೆಯ ಇಸವಿಯಲ್ಲಿ, ಒಂದು ಕಂಪ್ಯೂಟರನ್ನು ಕೊಂಡು, ಅದಕ್ಕೆ ‘ನುಡಿ’ಯನ್ನು ಹಾಕಿಸಿ, ತಮ್ಮ ಮನೆತನದ ಐದು ತಲೆಮಾರುಗಳ ವೃತ್ತಾಂತವನ್ನು ಎರಡೇ ಬೆರಳುಗಳಿಂದ ಬಡಿದು ಬರೆಯುತ್ತಿದ್ದರು. ಯಾರು ಎಲ್ಲಿಂದ ಬಂದರು, ಯಾವ ತೋಟ ಯಾರ ಕಾಲದಲ್ಲಿ ಕೈಬಿಟ್ಟಿತು, ಯಾವ ಸೋದರತ್ತೆ ಬಾಲವಿಧವೆಯಾಗಿಯೂ ಮನೆಯನ್ನು ಹೇಗೆ ನಿಲ್ಲಿಸಿದಳು, ಇವೆಲ್ಲವೂ ಅದರಲ್ಲಿ ಸೇರಿದ್ದುವು. ಹೋದ ವರ್ಷ ಅವರು ತೀರಿಕೊಂಡರು. ವರ್ಷಾಬ್ದಿಕದ ದಿನ ಆ ಬರೆಹವನ್ನು ಅಚ್ಚು ಹಾಕಿಸಿ ಬಂಧುಗಳಿಗೆ ಹಂಚಬೇಕೆಂಬುದು ಅಕ್ಕನವರ ಇಷ್ಟ. ಆದರೆ ಆ ವೇಳೆಗೆ ಹಳೆಯ ಯಂತ್ರವು ಉಸಿರಾಡುವುದನ್ನು ಬಿಟ್ಟಿತ್ತು. ಅದರೊಳಗಿನ ಡಿಸ್ಕನ್ನು ಮಾತ್ರ ಬಿಚ್ಚಿ, ಪೇಟೆಯ ಒಬ್ಬ ರಿಪೇರಿಯವನಲ್ಲಿಗೆ ಒಯ್ದರೆ, ಆತನು ತನ್ನ ಯಂತ್ರಕ್ಕೆ ಅದನ್ನು ತಗುಲಿಸಿ ನೋಡಿ, ‘ಫೋಲ್ಡರು ಖಾಲಿ, ಸೊನ್ನೆ ಬೈಟು ಎಂದು ತೋರಿಸುತ್ತಿದೆ. ಫಾರ್ಮ್ಯಾಟ್ ಮಾಡಿ ಸಿನಿಮಾ ಇಡುವುದಕ್ಕೆ ಉಪಯೋಗಿಸಿಕೊಳ್ಳಿ’ ಎಂದು ಬುದ್ಧಿ ಹೇಳಿ ಕಳುಹಿಸಿದನು. ಸೋದರಳಿಯನು ಅದಕ್ಕೂ ಸಿದ್ಧನಾಗಿದ್ದನು. ಅಕ್ಕನವರು ಮಾತ್ರ ಡಿಸ್ಕನ್ನು ಸೆರಗಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ನಮಗೆ ಹೇಳಿ ಕಳುಹಿಸಿದರು.

ನಾವು ಹೋಗಿ ಅದನ್ನು ಹೊಸ ಯಂತ್ರಕ್ಕೆ ತಂತಿಯ ಮೂಲಕ ಜೋಡಿಸಿ ಭಾವನವರ ಹೆಸರಿನ ಫೋಲ್ಡರನ್ನು ಮುಟ್ಟಿದಾಗ, ಅಪ್ಪಣೆಯಿಲ್ಲವೆಂಬ ಸಾಲು ಕಾಣಿಸಿತು. ಅಕ್ಕನವರು ಕನ್ನಡಕವನ್ನು ಸರಿಮಾಡಿಕೊಂಡು, ಅದರ ಅರ್ಥವನ್ನು ಕೇಳಿ ತಿಳಿದು, ‘ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಅವರ ಪೆಟ್ಟಿಗೆ ತೆಗೆಯುವುದಕ್ಕೆ ಅಪ್ಪಣೆ ಇಲ್ಲವಂತೇನೋ? ಇದು ಯಾವ ನ್ಯಾಯವೋ?’ ಎಂದರು. ನಾವು ನಕ್ಕೆವು, ಆದರೆ ಪ್ರಶ್ನೆಯು ನಗುವಂತಹುದಲ್ಲ.

ಮೊದಲನೆಯದಾಗಿ ವಾಚಕರು ತಿಳಿಯತಕ್ಕದ್ದೇನೆಂದರೆ, ಕಂಪ್ಯೂಟರಿಗೆ ಹೆಸರುಗಳು ಗೊತ್ತಿಲ್ಲ. ನಾವು ಖಾತೆಗೆ ರಾಮನೆಂದು ಹೆಸರಿಟ್ಟರೂ ಸೀತೆಯೆಂದು ಹೆಸರಿಟ್ಟರೂ ವಿಂಡೋಸ್ ಎಂಬ ವ್ಯವಸ್ಥೆಯು ಆ ಖಾತೆ ಹುಟ್ಟಿದ ಗಳಿಗೆಯಲ್ಲಿ ಅದಕ್ಕೊಂದು ಉದ್ದವಾದ ಸಂಖ್ಯೆಯನ್ನು ಕೊಡುತ್ತದೆ. ಮನೆಯ ಯಂತ್ರದ ಸಾಮಾನ್ಯ ಖಾತೆಗಳಲ್ಲಿ ಅದು ಎಸ್-1-5-21 ಎಂದು ಮೊದಲಾಗಿ ಹಲವಾರು ಅಂಕೆಗಳವರೆಗೆ ಸಾಗುತ್ತದೆ. ಫೋಲ್ಡರಿನ ಮೇಲೆ ‘ಇವನು ಒಡೆಯ, ಇವರು ಓದಬಹುದು, ಇವರು ತಿದ್ದಬಹುದು’ ಎಂದು ಬರೆದಿಡುವ ಪಟ್ಟಿಯಲ್ಲಿರುವುದು ಹೆಸರಲ್ಲ, ಈ ಸಂಖ್ಯೆ. ಹಳೆಯ ಯಂತ್ರದಲ್ಲಿದ್ದ ಭಾವನವರ ಹೆಸರಿನಿಂದಲೇ ಹೊಸ ಯಂತ್ರದಲ್ಲಿ ಖಾತೆಯನ್ನು ತೆರೆದು, ಅದೇ ಪಾಸ್‌ವರ್ಡನ್ನೇ ಇಟ್ಟರೂ ಸಂಖ್ಯೆ ಬೇರೆಯಾಗಿರುತ್ತದೆ. ಯಂತ್ರದ ಕಣ್ಣಿಗೆ ಅವನು ಬೇರೆಯ ಮನುಷ್ಯ. ಬೇರೆ ಯಂತ್ರದಿಂದ ಬಂದ ಫೋಲ್ಡರುಗಳ ಪಟ್ಟಿಯನ್ನು ತೆಗೆದು ನೋಡಿದವರಿಗೆ ‘ಅಕೌಂಟ್ ಅನ್‌ನೋನ್’ ಎಂದೂ ಅದರ ಮುಂದೆ ಅಂಕೆಗಳ ಸಾಲೂ ಕಂಡಿರಬಹುದು. ಅದು ವೈರಸ್ಸಲ್ಲ. ಹಳೆಯ ಮನೆಯ ಯಜಮಾನನ ಗುರುತು, ಅಷ್ಟೆ.

ಹಾಗಾದರೆ ಹೊಸ ಯಂತ್ರದ ಆಡಳಿತಗಾರನಾದ ಅಡ್ಮಿನಿಸ್ಟ್ರೇಟರನಿಗೂ ಬಾಗಿಲು ತೆರೆಯಬಾರದೇಕೆ? ಸಾಮಾನ್ಯವಾಗಿ ತೆರೆಯುತ್ತದೆ. ಅಡ್ಮಿನಿಸ್ಟ್ರೇಟರರ ಗುಂಪಿಗೆ ಎಲ್ಲ ಯಂತ್ರಗಳಲ್ಲಿಯೂ ಒಂದೇ ಸಂಖ್ಯೆಯುಂಟು. ಹಳೆಯ ಪಟ್ಟಿಯಲ್ಲಿ ಆ ಗುಂಪಿಗೆ ಅಪ್ಪಣೆಯಿದ್ದರೆ ಹೊಸ ಯಂತ್ರದ ಗುಂಪಿಗೂ ಅದು ಸಲ್ಲುತ್ತದೆ. ಆದರೆ 2007ರಲ್ಲಿ ಮನೆಗಳಿಗೆ ಬಂದ ವಿಂಡೋಸ್ ವಿಸ್ಟಾದಿಂದೀಚೆಗೆ, ಅಡ್ಮಿನಿಸ್ಟ್ರೇಟರನೂ ದಿನದ ಓಡಾಟದಲ್ಲಿ ತನ್ನ ಅಧಿಕಾರದ ಪೇಟವನ್ನು ತೆಗೆದಿಟ್ಟು ಸಾಮಾನ್ಯನಂತೆಯೇ ಸಂಚರಿಸುತ್ತಾನೆ. ಬೇಕಾದಾಗ ಯಂತ್ರವು ಕೇಳುತ್ತದೆ, ಆತನು ಒಪ್ಪಿದ ಮೇಲೆ ಪೇಟವು ಬರುತ್ತದೆ. ಆದಕಾರಣವೇ ಅಪ್ಪಣೆಯಿಲ್ಲವೆಂಬ ಸಾಲಿನ ಕೆಳಗೆ ‘ಕಂಟಿನ್ಯೂ’ ಎಂಬ ಗುಂಡಿಯನ್ನಿಟ್ಟಿರುತ್ತಾರೆ. ಹತ್ತರಲ್ಲಿ ಏಳೆಂಟು ಸಲ ಆ ಗುಂಡಿಯನ್ನು ಒತ್ತಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ ಕೆಲಸವು ಮುಗಿಯುವುದನ್ನು ನಾವು ನೋಡಿದ್ದೇವೆ. ಫೋಲ್ಡರು ದೊಡ್ಡದಾದರೆ ತಡವಾಗುತ್ತದೆ. ನಡುವೆ ಅವಸರಪಟ್ಟು ನಿಲ್ಲಿಸಬಾರದು.

ಭಾವನವರ ಫೋಲ್ಡರು ಅದಕ್ಕೂ ಬಗ್ಗಲಿಲ್ಲ. ಕಾರಣವು ಸೋದರಳಿಯನ ನೆನಪಿನಿಂದ ಹೊರಬಿತ್ತು. ಹಳೆಯ ಯಂತ್ರದಲ್ಲಿದ್ದುದು ವಿಂಡೋಸ್ ಎಕ್ಸ್‌ಪಿ. ಅದರಲ್ಲಿ ಖಾತೆಗೆ ಪಾಸ್‌ವರ್ಡನ್ನು ಹೊಸದಾಗಿ ಇಡುವಾಗ, ‘ನಿಮ್ಮ ಕಡತಗಳನ್ನು ಖಾಸಗಿಯಾಗಿ ಮಾಡಬೇಕೆ?’ ಎಂದು ಯಂತ್ರವೇ ವಿನಯದಿಂದ ಕೇಳುತ್ತಿತ್ತು. ಮೊಮ್ಮಕ್ಕಳು ರಜೆಗೆ ಬಂದು ಕಡತಗಳನ್ನು ಅಳಿಸಿಯಾರೆಂಬ ಭಯದಿಂದ ಭಾವನವರು ‘ಹೌದು’ ಎಂದಿದ್ದರಂತೆ. ಹಾಗೆ ಹೌದೆಂದವರ ಪಟ್ಟಿಯಿಂದ ಅಡ್ಮಿನಿಸ್ಟ್ರೇಟರರ ಗುಂಪನ್ನೇ ಹೊಡೆದುಹಾಕಲಾಗುತ್ತಿತ್ತು. ಉಳಿಯುತ್ತಿದ್ದವರು ಅವರೊಬ್ಬರು ಮತ್ತು ಯಂತ್ರದ ಸ್ವಂತ ವ್ಯವಸ್ಥೆ. ಮೊಮ್ಮಕ್ಕಳಿಗೆಂದು ಹಾಕಿದ ಬೀಗವು ಹೆಂಡತಿಗೂ ಬಿತ್ತು.

ರಿಪೇರಿಯವನು ಕಂಡ ಸೊನ್ನೆಗೂ ಇದೇ ಮೂಲ. ಒಳಕ್ಕೆ ಹೋಗಿ ಎಣಿಸಲು ಅಪ್ಪಣೆಯಿಲ್ಲದ ಫೋಲ್ಡರಿನ ಗಾತ್ರವನ್ನು ವಿಂಡೋಸ್ ಸೊನ್ನೆಯೆಂದು ತೋರಿಸುತ್ತದೆ. ಡಿಸ್ಕಿನಲ್ಲಿ ಒಟ್ಟು ಎಷ್ಟು ಸ್ಥಳವು ತುಂಬಿದೆಯೆಂಬುದನ್ನು ನೋಡಿ, ಕಣ್ಣಿಗೆ ಕಾಣುವ ಫೋಲ್ಡರುಗಳ ಮೊತ್ತವನ್ನು ಅದರಿಂದ ಕಳೆದಿದ್ದರೆ, ಉಳಿದದ್ದು ಎಲ್ಲಿ ಹೋಯಿತೆಂಬ ಸಂದೇಹವು ಆತನಿಗೇ ಬರಬೇಕಾಗಿತ್ತು. ಸೊನ್ನೆಯನ್ನು ಕಂಡು ಫಾರ್ಮ್ಯಾಟಿಗೆ ಕೈಹಾಕಿ ಎಷ್ಟು ಮನೆಗಳ ಮದುವೆಯ ಚಿತ್ರಗಳು ಹೋದುವೋ ನಾವು ಹೇಳಲಾರೆವು.

ಇಂತಹ ಸಂದರ್ಭದಲ್ಲಿ ಮಾಡತಕ್ಕ ಕ್ರಮವನ್ನು ಈಗ ಹೇಳುತ್ತೇವೆ. ಖಾತೆಯು ಅಡ್ಮಿನಿಸ್ಟ್ರೇಟರ್ ಖಾತೆಯಾಗಿರಬೇಕು. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ ‘ಪ್ರಾಪರ್ಟೀಸ್’, ಅದರಲ್ಲಿ ‘ಸೆಕ್ಯುರಿಟಿ’, ಅದರಲ್ಲಿ ‘ಅಡ್ವಾನ್ಸ್ಡ್’ ಎಂಬಲ್ಲಿಗೆ ಹೋಗಬೇಕು. ಮೇಲ್ಗಡೆ ‘ಓನರ್’ ಎಂದು ಒಡೆಯನ ಹೆಸರಿನ ಸಾಲಿದ್ದು ಪಕ್ಕದಲ್ಲಿ ‘ಚೇಂಜ್’ ಎಂದಿರುತ್ತದೆ. ಅದನ್ನೊತ್ತಿ ತಮ್ಮ ಖಾತೆಯ ಹೆಸರನ್ನು ಬರೆದು, ‘ಚೆಕ್ ನೇಮ್ಸ್’ ಎಂಬುದರಿಂದ ಸರಿನೋಡಿ ಒಪ್ಪಿಕೊಂಡ ಮೇಲೆ, ಒಳಗಿನ ಫೋಲ್ಡರು ಕಡತಗಳಿಗೂ ಒಡೆತನವನ್ನು ಬದಲಿಸಲೆಂಬ ಚೌಕದಲ್ಲಿ ಗುರುತು ಹಾಕಬೇಕು. ಪಟ್ಟಿಯನ್ನು ಓದಲೂ ಅಪ್ಪಣೆಯಿಲ್ಲದ ಕಡೆ, ‘ಹಳೆಯ ಅಪ್ಪಣೆಗಳನ್ನು ತೆಗೆದು ನಿಮಗೆ ಪೂರ್ಣಾಧಿಕಾರವನ್ನು ಕೊಡಲೆ?’ ಎಂದು ಯಂತ್ರವು ಕೇಳುತ್ತದೆ, ಒಪ್ಪಬಹುದು. ಇತರರ ಪಟ್ಟಿಯನ್ನು ಲೆಕ್ಕಿಸದೆ ಒಡೆತನವನ್ನು ವಹಿಸಿಕೊಳ್ಳುವ ಹಕ್ಕು ಅಡ್ಮಿನಿಸ್ಟ್ರೇಟರನಿಗೆ ಯಾವಾಗಲೂ ಇರುತ್ತದೆ. ಒಡೆಯನಾದವನು ಪಟ್ಟಿಯನ್ನು ತಿದ್ದಬಲ್ಲನು. ಈ ಎರಡು ಮೆಟ್ಟಿಲುಗಳನ್ನು ಅರಿತರೆ ಉಳಿದದ್ದೆಲ್ಲ ಗುಂಡಿಯೊತ್ತುವ ಕೆಲಸ.

ಆದರೆ ಇದನ್ನು ಬೇಕಾದ ಫೋಲ್ಡರೊಂದಕ್ಕೆ ಮಾತ್ರ ಮಾಡಬೇಕು. ಬೇಸರಪಟ್ಟು, ವಿಂಡೋಸ್ ನೆಲೆಸಿರುವ ಸಿ ಡ್ರೈವಿಗೆಲ್ಲ ತಾವೇ ಒಡೆಯರಾಗಹೊರಟವರನ್ನು ನಾವು ಬಲ್ಲೆವು. ವ್ಯವಸ್ಥೆಯ ಅನೇಕ ಕಡತಗಳಿಗೆ ‘ಟ್ರಸ್ಟೆಡ್ ಇನ್‌ಸ್ಟಾಲರ್’ ಎಂಬ ಬೇರೊಬ್ಬ ಒಡೆಯನಿದ್ದಾನೆ; ಅವನನ್ನು ಹೊರಡಿಸಿದ ಮನೆಯಲ್ಲಿ ಮುಂದೆ ಏನೇನು ಕೆಡುವುದೆಂದು ಹೇಳಲಾಗದು. ‘ಎವರಿಒನ್’ ಎಂಬವನಿಗೆ ಪೂರ್ಣಾಧಿಕಾರವನ್ನು ಕೊಟ್ಟುಬಿಡಿರೆಂಬ ಸಲಹೆಯೂ ಪ್ರಚಾರದಲ್ಲಿದೆ. ಬೀಗ ಕೆಟ್ಟಿತೆಂದು ಬಾಗಿಲನ್ನೇ ಕಿತ್ತಿಡುವಂತಹ ಉಪಾಯವಿದು.

ಅಕ್ಕನವರ ಮನೆಯಲ್ಲಿ ನಾವು ಒಡೆತನವನ್ನು ಬದಲಿಸಿ ಕಾದು ಕುಳಿತಾಗ ನಮ್ಮ ಎದೆಯೂ ಸ್ವಲ್ಪ ಹೊಡೆದುಕೊಳ್ಳುತ್ತಿತ್ತೆಂದು ಒಪ್ಪಿಕೊಳ್ಳಬೇಕು. ಏಕೆಂದರೆ ಅಪ್ಪಣೆಯ ಬೀಗ ಬೇರೆ, ಗೂಢಲಿಪಿಯ ಬೀಗ ಬೇರೆ. ಎಕ್ಸ್‌ಪಿಯ ಪ್ರೊಫೆಷನಲ್ ಆವೃತ್ತಿಯಲ್ಲಿ ಕಡತವನ್ನೇ ಗೂಢಲಿಪಿಗೆ ತಿರುಗಿಸುವ ಏರ್ಪಾಡೂ ಇದ್ದಿತು. ಹಾಗೆ ಮಾಡಿದ್ದರೆ ಕಡತಗಳ ಹೆಸರು ಹಸಿರಕ್ಷರದಲ್ಲಿಯೋ, ಈಚಿನ ವಿಂಡೋಸಿನಲ್ಲಿ ಸಣ್ಣ ಬೀಗದ ಗುರುತಿನೊಂದಿಗೋ ಕಾಣುತ್ತಿತ್ತು. ಒಡೆತನವನ್ನು ಪಡೆದರೂ ಕೀಲಿಯಿಲ್ಲದೆ ಒಂದಕ್ಷರವೂ ಸಿಕ್ಕುತ್ತಿರಲಿಲ್ಲ. ಫೋಲ್ಡರು ತೆರೆಯಿತು. ಹೆಸರುಗಳೆಲ್ಲ ಕಪ್ಪಗಿದ್ದುವು. ನಾವು ಏನನ್ನೂ ಓದುವುದಕ್ಕೆ ಮೊದಲೇ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ನಕಲು ಮಾಡಿದೆವು. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಪದ್ಧತಿಗೆ ಒಡೆಯನೆಂಬುದೇ ಗೊತ್ತಿಲ್ಲವಾದುದರಿಂದ, ಅಲ್ಲಿಗೆ ಹೋದ ನಕಲು ಯಾವ ಅಪ್ಪಣೆಯ ಕಟ್ಟೂ ಇಲ್ಲದೆ ಹೋಗುತ್ತದೆ. ಹಳೆಯ ಡಿಸ್ಕಿಗೆ ಇನ್ನೆಷ್ಟು ದಿನದ ಆಯುಸ್ಸೋ ತಿಳಿಯದಿರುವಾಗ ನಕಲೇ ಮೊದಲ ಕೆಲಸ.

ಕಡತವನ್ನು ತೆರೆದರೆ ಮತ್ತೊಂದು ವಿಘ್ನ. ಕನ್ನಡದ ಬದಲು ಇಂಗ್ಲಿಷಿನ ಚೂರುಚೂರು ಅಕ್ಷರಗಳು! ‘ಅಯ್ಯೋ, ಕೆಟ್ಟೇಹೋಯಿತು’ ಎಂದು ಅಕ್ಕನವರು ಕುಳಿತುಬಿಟ್ಟರು. ಕೆಟ್ಟಿರಲಿಲ್ಲ. ಅಂದಿನ ನುಡಿಯ ಅಚ್ಚಕ್ಷರವು ಇಂದಿನ ಯೂನಿಕೋಡಿನ ಕ್ರಮದ್ದಲ್ಲ. ಆ ಅಕ್ಷರದ ಫಾಂಟು ಯಂತ್ರದಲ್ಲಿಲ್ಲದಿದ್ದರೆ ಹೀಗೆಯೇ ಕಾಣುತ್ತದೆ. ಫಾಂಟನ್ನು ಹಾಕಿದೆವು. ನಮ್ಮ ಖಾತೆಯಲ್ಲಿ ಕನ್ನಡವು ಮೂಡಿತು. ಅಕ್ಕನವರ ಖಾತೆಯಲ್ಲಿ ಮೂಡಲಿಲ್ಲ! ಇಲ್ಲಿಯೂ ಅಪ್ಪಣೆಯ ವಿಚಾರವೇ. ಕೆಲವು ವರ್ಷಗಳಿಂದ ವಿಂಡೋಸಿನಲ್ಲಿ ಫಾಂಟನ್ನು ಹಾಕಿದವನೊಬ್ಬನಿಗೆ ಮಾತ್ರ ಸಲ್ಲುವಂತೆಯೂ ಹಾಕಬಹುದು, ಮನೆಯವರೆಲ್ಲರಿಗೂ ಸಲ್ಲುವಂತೆಯೂ ಹಾಕಬಹುದು. ಎರಡನೆಯದಕ್ಕೆ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಎಂಬುದನ್ನು ಆರಿಸಿ ಅಡ್ಮಿನಿಸ್ಟ್ರೇಟರನ ಒಪ್ಪಿಗೆಯನ್ನು ಕೊಡಬೇಕು. ಕನ್ನಡದ ಹಳೆಯ ಕಡತಗಳುಳ್ಳ ಮನೆಗಳವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇನ್ನು ಅಪ್ಪಣೆಯ ವೇಷವನ್ನು ತೊಟ್ಟು ಬರುವ ಬೇರೆ ತೊಡಕುಗಳನ್ನು ಚುಟುಕಾಗಿ ಹೇಳುತ್ತೇವೆ. ಒಂದು ದಿನ ಬೆಳಗ್ಗೆ ಖಾತೆಯನ್ನು ತೆರೆದರೆ ಚಿತ್ರಗಳಿಲ್ಲ, ಕಡತಗಳಿಲ್ಲ, ಎಲ್ಲವೂ ಹೊಸತಾಗಿ ತೊಳೆದಂತಿದ್ದು, ತಾತ್ಕಾಲಿಕ ಪ್ರೊಫೈಲಿನಲ್ಲಿದ್ದೀರಿ ಎಂಬ ಎಚ್ಚರಿಕೆಯಿದ್ದರೆ ಗಾಬರಿಯಾಗಬೇಕಾದದ್ದಿಲ್ಲ. ನಿಮ್ಮ ಸಾಮಾನುಗಳು ಸಾಮಾನ್ಯವಾಗಿ ಅವುಗಳ ಸ್ಥಾನದಲ್ಲಿಯೇ ಇರುತ್ತವೆ. ಯಂತ್ರವು ನಿಮ್ಮ ಕೋಣೆಯ ಬದಲು ಛತ್ರದಲ್ಲಿ ಇಳಿಸಿದೆ. ಅಲ್ಲಿ ಏನನ್ನೂ ಬರೆದಿಡಬಾರದು, ಹೊರಗೆ ಬರುವಾಗ ಅದು ಅಳಿಸಿಹೋಗುತ್ತದೆ. ಯಂತ್ರವನ್ನು ಒಂದೆರಡು ಸಲ ಮುಚ್ಚಿ ತೆರೆದರೆ ಅನೇಕ ವೇಳೆ ಸರಿಹೋಗುವುದು. ಫೋಲ್ಡರಿನ ‘ರೀಡ್ ಓನ್ಲಿ’ ಚೌಕದಲ್ಲಿ ತುಂಬಿರುವ ಗುರುತನ್ನು ನೋಡಿ ಅದೇ ಅಪರಾಧಿಯೆಂದು ತಿಳಿದು ಒರಸುತ್ತ ಕುಳಿತುಕೊಳ್ಳುವವರಿದ್ದಾರೆ. ಫೋಲ್ಡರಿಗೆ ಅದರಿಂದ ಯಾವ ಅಡ್ಡಿಯೂ ಇಲ್ಲ. ಒಬ್ಬರ ಫೋಲ್ಡರಿನಿಂದ ಎಲ್ಲರ ಫೋಲ್ಡರಿಗೆ ಕಡತವನ್ನು ಸಾಗಿಸಿದರೂ ಉಳಿದವರಿಗೆ ತೆರೆಯುವುದಿಲ್ಲವೆಂಬ ದೂರಿಗೆ ಕಾರಣವು, ಒಂದೇ ಡ್ರೈವಿನೊಳಗೆ ಸಾಗಿಸಿದ ಕಡತವು ಸಾಮಾನ್ಯವಾಗಿ ತನ್ನ ಹಳೆಯ ಅಪ್ಪಣೆಗಳನ್ನೇ ಹೊತ್ತು ಹೋಗುತ್ತದೆಂಬುದು. ನಕಲು ಮಾಡಿದರೆ ಹೋದ ಮನೆಯ ರೀತಿಗೆ ಹೊಂದಿಕೊಳ್ಳುತ್ತದೆ.

ಮನೆಗೆ ನಾವು ಹೇಳುವ ಏರ್ಪಾಡು ಸುಲಭವಾದದ್ದು. ಒಂದು ಅಡ್ಮಿನಿಸ್ಟ್ರೇಟರ್ ಖಾತೆಯನ್ನು ಪ್ರತ್ಯೇಕವಾಗಿಟ್ಟು, ಯಜಮಾನರೂ ಸೇರಿ ಎಲ್ಲರೂ ನಿತ್ಯದ ಕೆಲಸಕ್ಕೆ ಸಾಮಾನ್ಯ ಖಾತೆಗಳನ್ನೇ ಉಪಯೋಗಿಸಬೇಕು. ಎಲ್ಲರೂ ನೋಡತಕ್ಕ ಚಿತ್ರ ಲೆಕ್ಕಪತ್ರಗಳನ್ನು ‘ಪಬ್ಲಿಕ್’ ಎಂಬ ಫೋಲ್ಡರಿನಲ್ಲಿಡಬೇಕು. ಈಚಿನ ಯಂತ್ರಗಳಲ್ಲಿ ಅನೇಕವು ಡಿಸ್ಕನ್ನು ಪೂರ್ತಿಯಾಗಿ ಗೂಢಲಿಪಿಯಲ್ಲಿಡುತ್ತವೆ. ಅಂತಹ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ, ನಾವು ಮೇಲೆ ಹೇಳಿದ ಉಪಾಯವೊಂದೂ ನಡೆಯದು; 48 ಅಂಕೆಗಳ ರಿಕವರಿ ಕೀಲಿಯೇ ಬೇಕು. ಅದು ಸಾಮಾನ್ಯವಾಗಿ ಯಂತ್ರವನ್ನು ಮೊದಲು ಸಿದ್ಧಮಾಡಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಭಾವನವರ ಯಂತ್ರವು ಇಂದಿನದಾಗಿದ್ದು, ಕೀಲಿಯೂ ಅವರೊಂದಿಗೇ ಹೋಗಿದ್ದರೆ, ನಾವು ಕೈಚೆಲ್ಲಿ ಬರಬೇಕಾಗಿತ್ತು. ಯಜಮಾನರು ಬದುಕಿರುವಾಗಲೇ ಅದನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳೊಂದಿಗೆ ಇಡತಕ್ಕದ್ದು.

ಅಕ್ಕನವರ ಹೊಸ ಯಂತ್ರದ 48 ಅಂಕೆಗಳನ್ನು ನಾವು ಓದಿ ಹೇಳಿದೆವು. ಅವರು ಭಾವನವರ ಹಳೆಯ ಪಾಠದ ಟಿಪ್ಪಣಿಯ ಪುಸ್ತಕದ ಕೊನೆಯ ಹಾಳೆಯಲ್ಲಿ ದಪ್ಪಕ್ಷರದಿಂದ ಬರೆದುಕೊಂಡು, ಎರಡು ಸಲ ತಾಳೆ ನೋಡಿ, ಡಿಸ್ಕಿನ ಪಕ್ಕದಲ್ಲಿಟ್ಟರು. ವೃತ್ತಾಂತವು ನೂರ ಎಂಬತ್ತು ಪುಟಗಳಿವೆ. ನಾಲ್ಕನೆಯ ತಲೆಮಾರಿನ ನಡುವೆ ನಿಂತಿದೆ. ಅಷ್ಟನ್ನೇ ಅಚ್ಚಿಗೆ ಕೊಟ್ಟಿದ್ದಾರೆ.