ಒಂದು ಅಕ್ಷರದ ತಪ್ಪು

ಕೋಡ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ಕಂಪ್ಯೂಟರ್ ತಕ್ಷಣ ಬೈಯುತ್ತೆ. ಹೊಲ ಹಾಗಲ್ಲ. ವಾರ ಸುಮ್ಮನಿದ್ದು ಆಮೇಲೆ ತೋರಿಸುತ್ತೆ.

ನಾನಿರೋದು ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಹತ್ತಿರ. ಸುತ್ತ ಬರೀ ಹುಲ್ಲುಗಾವಲು, ಹಸು. ನಮ್ಮ ಮನೆ ಓನರ್‌ಗೆ ಎಪ್ಪತ್ತು ದಾಟಿದೆ. ಮಾರ್ಚ್‌ನಲ್ಲಿ, ಅಂದರೆ ಇಲ್ಲಿ ಬೇಸಿಗೆ ಮುಗಿದು ತಂಪು ಶುರುವಾಗೋ ಹೊತ್ತಿಗೆ, ಮನೆ ಹಿಂದಿನ ಒಂದು ಎಕರೆಗೆ ಸುಮಾರು 8 ಕೆಜಿ ರೈಗ್ರಾಸ್, ಒಂದೂವರೆ ಕೆಜಿ ಬಿಳಿ ಕ್ಲೋವರ್ ಬೀಜ ಹಾಕಿಸಿದ್ದರು. ಕ್ಲೋವರ್ ನಮ್ಮ ಅವರೆ, ಹುರುಳಿಯ ದೂರದ ನೆಂಟ. ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದಿಡುತ್ತೆ, ಅಷ್ಟು ಯೂರಿಯಾ ಉಳೀತು ಅಂತ ಲೆಕ್ಕ.

ಹುಲ್ಲಿನ ಜೊತೆಗೇ ಕಳೆಯೂ ಬಂತು. ಡಾಕ್ ಅನ್ನೋ ಅಗಲ ಎಲೆಯದು. ಇನ್ನೊಂದು, ಉತ್ತರ ಭಾರತದವರು ಪರಾಠಕ್ಕೆ ಹಾಕೋ ಬಥುವಾ! ಕಿತ್ತು ಪಲ್ಯ ಮಾಡೋಣ ಅಂತ ಹೆಂಡತಿ ಅಂದಳು, ಒಂದು ಎಕರೆ ಪಲ್ಯ ಯಾರು ತಿನ್ನೋದು? ಬಥುವಾ ಬಿಡು, ಮೊದಲ ಮೇವಿಗೆ ಹಸು ಬಿಟ್ಟರೆ ಅದರ ಕಥೆ ಮುಗಿಯುತ್ತೆ, ಡಾಕ್ ಮಾತ್ರ ಬೇರು ಆಳಕ್ಕಿಳಿಯೋ ಮೊದಲೇ ಹೋಗಬೇಕು ಅಂದರು ಓನರ್. ಅವರಿಗೆ ಭುಜನೋವು, ಬೆನ್ನಿಗೆ ಪಂಪ್ ಹಾಕೋ ಹಾಗಿರಲಿಲ್ಲ. ನಾನು ಹೊಡೀತೀನಿ ಅಂದೆ. ಕ್ಲೋವರ್‌ಗೆ ಎರಡು ಮೂರು ಮೂರೆಲೆ ಬಂದಿವೆಯಾ ನೋಡು, ಶೆಡ್‌ನಲ್ಲಿ '2,4-ಡಿಬಿ' ಇದೆ ಅಂದರು.

ಶೆಡ್‌ನಲ್ಲಿ ಎರಡು ಕ್ಯಾನ್ ಇದ್ದವು. ನಾನು ತಗೊಂಡಿದ್ದು '2,4-ಡಿ'. ಎರಡೂ ಒಂದೇ ಇರಬೇಕು ಅಂದುಕೊಂಡೆ, ಇಂಜಿನಿಯರ್ ನೋಡಿ.

ಒಂದೇ ಅಲ್ಲ. 2,4-ಡಿ ಗಿಡದ ಬೆಳವಣಿಗೆಯ ಹಾರ್ಮೋನಿನ ಹಾಗೆ ನಟಿಸಿ ಅಗಲ ಎಲೆಯದನ್ನೆಲ್ಲ ತಿರುಚಿ ಕೊಲ್ಲುತ್ತೆ, ಹುಲ್ಲನ್ನ ಬಿಡುತ್ತೆ. ಕ್ಲೋವರ್ ಕೂಡ ಅಗಲ ಎಲೆಯದೇ ತಾನೇ! ಡಿಬಿ ಜಾಣ. ಅದರಷ್ಟಕ್ಕೆ ಅದು ಹೆಚ್ಚೇನೂ ಮಾಡಲ್ಲ. ಕಳೆ ಅದನ್ನ ತನ್ನೊಳಗೇ 2,4-ಡಿ ಮಾಡಿಕೊಂಡು ಸಾಯುತ್ತೆ. ಕ್ಲೋವರ್‌ಗೆ ಹಾಗೆ ಬದಲಾಯಿಸೋದು ಅಷ್ಟಾಗಿ ಬರಲ್ಲ, ಅದಕ್ಕೇ ಉಳಿಯುತ್ತೆ. ಇದನ್ನೆಲ್ಲ ಓದಿದ್ದು ಅರ್ಧ ಎಕರೆ ಹೊಡೆದ ಮೇಲೆ.

ವಾರ ಕಳೆಯೋದರೊಳಗೆ ಕ್ಲೋವರ್ ತೊಟ್ಟುಗಳು ಸೊಟ್ಟಗಾಗಿದ್ದವು. ಓನರ್‌ಗೆ ಹೇಳೋಕೆ ಧೈರ್ಯ ಬರದೆ ಅಪ್ಪನಿಗೆ ಫೋನ್ ಮಾಡಿದೆ.

"ಲೋ, ನಮ್ಮ ಅಕ್ಕಡಿ ಸಾಲು ಮರ್ತೋಯ್ತಾ? ರಾಗಿಗೆ ಔಷಧಿ ಹೊಡೆಸ್ದೆ, ರಾಗಿ ಉಳೀತು, ಅವರೆಯೆಲ್ಲ ಮುರುಟೋಯ್ತು. ಆ ವರ್ಷ ನಿಮ್ಮಮ್ಮ ಅಂಗಡಿಯಿಂದ ಅವರೆಕಾಳು ತಂದ್ಲಲ್ಲ!"

ನೆನಪಿತ್ತು. ನಾನಾಗ ಪಿಯುಸಿ. ಹೊಲ ನೋಡೋಕೂ ಹೋಗಿರಲಿಲ್ಲ.

"ಮೊದ್ಲು ಅವರಿಗೆ ಹೇಳು. ಅವರೇ ನೋಡೋ ತನಕ ಕಾಯ್ಬೇಡ."

ಹೇಳಿದೆ. ಓನರ್ ಹೊಲಕ್ಕೆ ಬಂದು ಬಗ್ಗಿ ಒಂದು ಗಿಡ ಕಿತ್ತು ನೋಡಿದರು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, ಉಳಿದರ್ಧಕ್ಕೆ ಸರಿಯಾದ್ದು ಹೊಡೆಯೋಣ, ಇದಕ್ಕೆ ಸೆಪ್ಟೆಂಬರ್‌ನಲ್ಲಿ ಮತ್ತೆ ಬೀಜ ಎರಚೋಣ ಅಂದರು. ಬೀಜದ ದುಡ್ಡು ನಾನು ಕೊಡ್ತೀನಿ ಅಂದೆ, ಬೇಡ ಅನ್ನಲಿಲ್ಲ.

ಈ ಸಲ ಕ್ಯಾನ್ ಅವರೇ ಎತ್ತಿಕೊಟ್ಟರು. ನಾನು ಹೊಡೆಯೋವಾಗ ಬೇಲಿ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಇನ್ನೊಂದು ಕ್ಯಾನಿಗೆ ಅಪ್ಪ ಹೇಳಿದ ಹಾಗೆ ಕೆಂಪು ಬಟ್ಟೆ ಕಟ್ಟಿದ್ದೀನಿ.