ಪಾರಿವಾಳದ ಚಿತ್ರ ಬಿಡಿಸಿದರೆ ಸಾಕೇ?

ಜೂನ್ 5 ಬಂತೆಂದರೆ ನಮ್ಮ ಮಕ್ಕಳು ಶಾಲೆಯಲ್ಲಿ ಸಸಿ ನೆಡುತ್ತಾರೆ. ಆಗಸ್ಟ್ 6ರಂದು ಹಿರೋಷಿಮಾದ ನೆನಪಿಗೆ ಬಿಳಿ ಪಾರಿವಾಳದ ಚಿತ್ರ ಬಿಡಿಸುತ್ತಾರೆ. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ. 2015ರಿಂದ ಅದು ಸರ್ಕಾರದ ಲೆಕ್ಕದಲ್ಲಿ ವಿಶ್ವಮಾನವ ದಿನ. ಅಂದು ಭಾಷಣ ಸ್ಪರ್ಧೆ. ಮಕ್ಕಳು ಚೆನ್ನಾಗಿಯೇ ಮಾತಾಡುತ್ತಾರೆ, ಬಹುಮಾನವನ್ನೂ ತರುತ್ತಾರೆ. ಸಂಜೆ ಮನೆಗೆ ಬಂದರೆ ಅಲ್ಲಿ ಅಪ್ಪ ಅಮ್ಮನ ಮೇಲೆ ಕೈ ಎತ್ತಿರುತ್ತಾನೆ, ಇಲ್ಲವೇ ಅಕ್ಕನ ಮದುವೆಗೆ ಎಷ್ಟು ಗ್ರಾಂ ಎಂಬ ಚೌಕಾಸಿ ನಡೆದಿರುತ್ತದೆ. ಬೆಳಿಗ್ಗೆಯ ಪಾಠಕ್ಕೂ ಸಂಜೆಯ ಪಾಠಕ್ಕೂ ಗಂಟು ಹಾಕಿ ತೋರಿಸುವವರು ಯಾರೂ ಇಲ್ಲ.

ಗೆಳತಿಯರೇ, ಶಾಂತಿ, ಸುಸ್ಥಿರತೆ, ವಿಶ್ವ ಪೌರತ್ವ ಎಂಬ ದೊಡ್ಡ ದೊಡ್ಡ ಮಾತುಗಳು ನಮಗಲ್ಲ, ಪಟ್ಟಣದ ಸಭಾಂಗಣಗಳಿಗೆ ಎಂದು ಬಿಟ್ಟುಬಿಡಬೇಡಿ. 2015ರಲ್ಲಿ ಭಾರತವೂ ಸೇರಿದಂತೆ ಜಗತ್ತಿನ ಎಲ್ಲ ಸರ್ಕಾರಗಳು ವಿಶ್ವಸಂಸ್ಥೆಯಲ್ಲಿ ಕೂತು ಕೆಲವು ಗುರಿಗಳನ್ನು ಒಪ್ಪಿಕೊಂಡವು. ಅದರಲ್ಲಿ ನಾಲ್ಕನೆಯ ಗುರಿ ಶಿಕ್ಷಣದ್ದು. ಅದರ ಏಳನೆಯ ಅಂಶ, 2030ರ ಹೊತ್ತಿಗೆ ಕಲಿಯುವವರೆಲ್ಲರಿಗೂ ಸುಸ್ಥಿರ ಬದುಕು, ಮಾನವ ಹಕ್ಕು, ಹೆಣ್ಣು ಗಂಡಿನ ಸಮಾನತೆ, ಶಾಂತಿ ಮತ್ತು ಅಹಿಂಸೆ, ವಿಶ್ವ ಪೌರತ್ವ ಇವೆಲ್ಲದರ ತಿಳಿವಳಿಕೆ ಸಿಗಬೇಕು ಎನ್ನುತ್ತದೆ. ಗಮನಿಸಿ, ಎಲ್ಲವೂ ಒಂದೇ ಸಾಲಿನಲ್ಲಿ ಇವೆ. ಸಮಾನತೆಯನ್ನು ತೆಗೆದಿಟ್ಟು ಶಾಂತಿಯನ್ನು ಮಾತ್ರ ಕಲಿಸಿ ಎಂದು ಯಾರೂ ಹೇಳಿಲ್ಲ. ಆದರೆ ಆ ಸಾಲು ದೆಹಲಿ, ಬೆಂಗಳೂರು ದಾಟಿ ನಮ್ಮ ಊರಿನ ಶಾಲೆಗೆ ಬರುವಷ್ಟರಲ್ಲಿ ಸಸಿ ಮತ್ತು ಪಾರಿವಾಳ ಮಾತ್ರ ಉಳಿದಿರುತ್ತವೆ. ಅವೆರಡೂ ಯಾರಿಗೂ ತೊಂದರೆ ಕೊಡುವುದಿಲ್ಲವಲ್ಲ!

ತೊಂದರೆ ಕೊಡುವ ಕೆಲವು ಅಂಕಿಗಳನ್ನು ನೋಡೋಣ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಇಡೀ ದೇಶದಲ್ಲಿ ಈ ಲೆಕ್ಕ ನೂರಕ್ಕೆ 29. ಅದಕ್ಕೂ ಹಿಂದಿನ, 2015-16ರ ಸಮೀಕ್ಷೆಯಲ್ಲಿ ಕರ್ನಾಟಕದ್ದು ನೂರಕ್ಕೆ 21ರ ಹತ್ತಿರ ಇತ್ತು. ಹೊಡೆತ ಹೆಚ್ಚಾಯಿತೋ, ಹೇಳುವ ಧೈರ್ಯ ಹೆಚ್ಚಾಯಿತೋ, ಅಂಕಿ ಅಷ್ಟನ್ನು ಬಿಡಿಸಿ ಹೇಳುವುದಿಲ್ಲ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಹೇಳದೆ ಹೊರಗೆ ಹೋದರೆ, ಅಡುಗೆ ಸರಿಯಿಲ್ಲದಿದ್ದರೆ, ಎದುರು ಮಾತಾಡಿದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ ಏಳು ಕಾರಣ ಹೇಳಿ, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ಕೇಳಿದರು. ಕರ್ನಾಟಕದ ಗಂಡಸರಲ್ಲಿ ನೂರಕ್ಕೆ 82 ಮಂದಿ ಒಂದಾದರೂ ಕಾರಣಕ್ಕೆ ಸರಿ ಎಂದರು. ಹೆಂಗಸರಲ್ಲಿ ನೂರಕ್ಕೆ 77 ಮಂದಿ. ಹಿಮಾಚಲ ಪ್ರದೇಶದಲ್ಲಿ ಹಾಗೆಂದ ಗಂಡಸರು ನೂರಕ್ಕೆ 14 ಮಾತ್ರ. ಅಂದರೆ ಇದು ಹುಟ್ಟುಗುಣವಲ್ಲ, ಕಲಿತದ್ದು. ಉತ್ತರ ಕೊಟ್ಟವರಲ್ಲಿ ಹದಿನೈದು, ಹದಿನಾರು ವರ್ಷದ ಹುಡುಗ ಹುಡುಗಿಯರೂ ಇದ್ದರು. ಅವರಿಗೆ ಇದನ್ನು ಪಠ್ಯಪುಸ್ತಕ ಹೇಳಿಕೊಟ್ಟಿಲ್ಲ. ಪಠ್ಯಪುಸ್ತಕ ಸುಮ್ಮನಿದ್ದ ಕಡೆ ಮನೆಯೇ ಮೇಷ್ಟ್ರಾಯಿತು.

ಹಾಗಾದರೆ ಏನು ಕಲಿಸಬೇಕು? ನನ್ನ ಕೇಳಿದರೆ ಒಂದು ಚಿನ್ನದ ಸರ ಸಾಕು ಅನ್ನುತ್ತೇನೆ. ಮದುವೆಗೆ ಕೇಳುವ 40 ಗ್ರಾಂ ಸರ. ಅದೊಂದನ್ನೇ ಮೇಜಿನ ಮೇಲಿಟ್ಟು ಶಾಂತಿ, ಸುಸ್ಥಿರತೆ, ವಿಶ್ವ ಪೌರತ್ವ ಮೂರನ್ನೂ ಪಾಠ ಮಾಡಬಹುದು.

ಮೊದಲು, ಅದು ಎಲ್ಲಿಂದ ಬಂತು? ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 1880ರಿಂದ 2001ರ ಫೆಬ್ರವರಿಯವರೆಗೆ ಕೆಲಸ ನಡೆಯಿತು. ಭೂಮಿಯೊಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ದುಡಿದರು. ಕೊನೆಕೊನೆಗೆ ಒಂದು ಟನ್ ಕಲ್ಲು ಒಡೆದು ಅರೆದರೆ ಸಿಗುತ್ತಿದ್ದದ್ದು ಮೂರ್ನಾಲ್ಕು ಗ್ರಾಂ. ಆ ಲೆಕ್ಕದಲ್ಲಿ ನಮ್ಮ 40 ಗ್ರಾಂ ಸರಕ್ಕೆ ಹತ್ತು ಟನ್ನಿಗಿಂತ ಕಡಿಮೆ ಕಲ್ಲು ಸಾಲದು. ಅರೆದ ಪುಡಿಯಿಂದ ಚಿನ್ನ ಬಿಡಿಸಲು ಸೈನೈಡ್ ಬೇಕು. ಚಿನ್ನ ಹೋಯಿತು, ಪುಡಿ ಉಳಿಯಿತು. ಇವತ್ತಿಗೂ ಕೆಜಿಎಫ್‌ಗೆ ಹೋದವರಿಗೆ ಆ ಸೈನೈಡ್ ದಿಬ್ಬಗಳು ಕಾಣುತ್ತವೆ. ಒಟ್ಟು 13 ದಿಬ್ಬ, ಸಾವಿರ ಎಕರೆ ಜಾಗ, ಮೂರು ಕೋಟಿ ಟನ್ನಿಗಿಂತ ಹೆಚ್ಚು ಪುಡಿ. ಗಾಳಿ ಬೀಸಿದರೆ ಧೂಳು ಹಾರಿ ಕಾಲೋನಿಗಳ ಮನೆಯೊಳಗೆ ಬಂದು ಕೂರುತ್ತದೆ. ಅದನ್ನು ಗುಡಿಸಿ ಒರೆಸುವವರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಗಣಿ ಮುಚ್ಚಿದ ಮೇಲೆ ಅಲ್ಲಿನ ಜನ ಬೆಳಗಿನ ಜಾವದ ರೈಲು ಹಿಡಿದು ಕೆಲಸಕ್ಕೆ ಬೆಂಗಳೂರಿಗೆ ಓಡಾಡಬೇಕಾಯಿತು. ಇದು ಸುಸ್ಥಿರತೆಯ ಪಾಠ: ತೆಗೆದುಕೊಂಡವರು ಒಬ್ಬರು, ಧೂಳು ಕುಡಿಯುವವರು ಇನ್ನೊಬ್ಬರು.

ಕೋಲಾರದ ಗಣಿಗಳು ಆ ಎಲ್ಲ ವರ್ಷಗಳಲ್ಲಿ ಕೊಟ್ಟ ಚಿನ್ನ ಒಟ್ಟು ಸುಮಾರು 800 ಟನ್. 2023-24ರ ಒಂದೇ ವರ್ಷದಲ್ಲಿ ನಮ್ಮ ದೇಶ ಹೊರಗಿನಿಂದ ತರಿಸಿಕೊಂಡದ್ದೂ ಹೆಚ್ಚುಕಡಿಮೆ ಅಷ್ಟೇ, 795 ಟನ್. ಇಲ್ಲಿ ಒಡವೆಯಾಗುವ ಚಿನ್ನದಲ್ಲಿ ಅರ್ಧದಷ್ಟು ಮದುವೆಗೇ ಹೋಗುತ್ತದೆಂದು ಆ ವ್ಯಾಪಾರದವರದೇ ಅಂದಾಜು. ಇಷ್ಟು ಚಿನ್ನ ರಾಯಚೂರಿನ ಹಟ್ಟಿಯಿಂದ ಬರುವುದು ಸಾಧ್ಯವಿಲ್ಲ. ಆಫ್ರಿಕಾದ ಘಾನಾ, ದಕ್ಷಿಣ ಅಮೆರಿಕದ ಪೆರು ಇಂಥ ದೂರದ ನಾಡುಗಳಿಂದ ಬರುತ್ತದೆ. ಅಲ್ಲಿ ದೊಡ್ಡ ಕಂಪನಿಗಳ ಗಣಿಗಳ ಜೊತೆಗೆ, ಬಡವರು ಕೈಯಿಂದಲೇ ಅಗೆಯುವ ಸಣ್ಣ ಗುಂಡಿಗಳೂ ಇವೆ. ಆ ಗುಂಡಿಗಳ ಹತ್ತಿರ ಹೆಂಗಸರು ಮಣ್ಣು ತೊಳೆಯುತ್ತಾರೆ, ಪಾದರಸ ಬೆರೆಸಿ ಉಂಡೆ ಕಟ್ಟುತ್ತಾರೆ, ಆಮೇಲೆ ಅದನ್ನು ಬೆಂಕಿಯ ಮೇಲಿಟ್ಟು ಪಾದರಸವನ್ನು ಆವಿ ಮಾಡಿ ಓಡಿಸುತ್ತಾರೆ, ಎಷ್ಟೋ ಕಡೆ ಅಡುಗೆ ಮಾಡುವ ಒಲೆಯಲ್ಲೇ. ಮನುಷ್ಯರು ಗಾಳಿಗೆ ಬಿಡುವ ಪಾದರಸದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಈ ಸಣ್ಣ ಗಣಿಗಳದು. ಆ ವಿಷ ಹೊಟ್ಟೆಯೊಳಗಿನ ಮಗುವಿನ ಮಿದುಳಿಗೂ ತಟ್ಟುತ್ತದೆ. ಘಾನಾದ ಆ ಬಸುರಿಯ ಹೆಸರು ನಮಗೆ ಗೊತ್ತಿಲ್ಲ. ನಮ್ಮ ಹುಡುಗಿಯ ಮದುವೆಯೂ ಅವಳಿಗೆ ಗೊತ್ತಿಲ್ಲ. ಇಬ್ಬರ ನಡುವೆ ಆ ಸರ ಇದೆ. ವಿಶ್ವ ಪೌರತ್ವ ಎಂದರೆ ಭೂಪಟದಲ್ಲಿ ಘಾನಾ ತೋರಿಸುವುದಷ್ಟೇ ಅಲ್ಲ, ಈ ನಂಟನ್ನು ಕಾಣುವ ಕಣ್ಣು.

ಇನ್ನು ಶಾಂತಿಯ ಪಾಠ. 40 ಗ್ರಾಂ ಕೇಳಿದವರು ಅಲ್ಲಿಗೇ ನಿಲ್ಲುವುದಿಲ್ಲ. ಆಮೇಲೆ ಬೈಕು, ಆಮೇಲೆ ಸೈಟು. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವೆಂದು ಕಾನೂನಾದದ್ದು 1961ರಲ್ಲಿ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವುಗಳು ಆರು ಸಾವಿರಕ್ಕೂ ಹೆಚ್ಚು. ಸ್ಟವ್ ಸಿಡಿಯಿತು, ಕಾಲು ಜಾರಿ ಬಾವಿಗೆ ಬಿದ್ದಳು ಎಂದು ಬರೆಸಿದವು ಈ ಲೆಕ್ಕಕ್ಕೆ ಬಂದಿಲ್ಲ.

ಇಲ್ಲಿ ಒಬ್ಬ ಅಕ್ಕ ಖಂಡಿತ ಕೇಳುತ್ತಾಳೆ: ಚಿನ್ನ ಕಷ್ಟಕಾಲಕ್ಕೆ ಆಗುತ್ತದಲ್ಲವೇ, ಹೆಣ್ಣಿಗೆ ಇರುವ ಆಸ್ತಿ ಅದೊಂದೇ ಅಲ್ಲವೇ? ನಿಜ. ಸ್ತ್ರೀಧನ ಹೆಣ್ಣಿನದೇ, ಗಂಡನ ಮನೆಯವರು ಅದನ್ನು ಕಾದಿಡಬಹುದೇ ಹೊರತು ಒಡೆಯರಲ್ಲ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಆದರೆ ನಮ್ಮ ಸಂಘಗಳಲ್ಲಿ ಕೂತು ಲೆಕ್ಕ ಹಾಕಿ ನೋಡಿ. ಮದುವೆಯಲ್ಲಿ ಹಾಕಿದ ಒಡವೆ ಇವತ್ತು ಎಷ್ಟು ಜನರ ಕೈಯಲ್ಲಿದೆ? ಎಷ್ಟು ಜನರದು ಗಂಡನ ಬೋರ್‌ವೆಲ್‌ಗೆ, ನಾದಿನಿಯ ಮದುವೆಗೆ ಗಿರವಿಗೆ ಹೋಗಿದೆ? ರಸೀದಿ ಯಾರ ಹೆಸರಿನಲ್ಲಿದೆ? ಸಂಘದಲ್ಲಿ ತೆಗೆದ ಸಾಲದಲ್ಲಿ ಎಷ್ಟು ಹಸುವಿಗೆ, ಹೊಲಿಗೆ ಯಂತ್ರಕ್ಕೆ ಹೋಯಿತು, ಎಷ್ಟು ಮಗಳ ಮದುವೆಗೆ ಹೋಯಿತು? ವಾರ ವಾರ ಹತ್ತಿಪ್ಪತ್ತು ರೂಪಾಯಿ ಕೂಡಿಟ್ಟ ಹಣ ಬೀಗರ ಮನೆಯ ಬಾಗಿಲಿಗೆ ಹೋಗುತ್ತಿದ್ದರೆ ಆ ಉಳಿತಾಯ ಯಾರದು?

ಕುವೆಂಪು ಅವರ ವಿಷಯಕ್ಕೆ ಮತ್ತೆ ಬರೋಣ. ವಿಶ್ವಮಾನವ ಎಂದ ಅದೇ ಕವಿ ‘ಮಂತ್ರ ಮಾಂಗಲ್ಯ’ ಎಂಬ ಸರಳ ಮದುವೆಯ ದಾರಿಯನ್ನೂ ಕೊಟ್ಟರು. ವರದಕ್ಷಿಣೆ ಇಲ್ಲ, ಪುರೋಹಿತರಿಲ್ಲ, ಹೆಣ್ಣು ಗಂಡು ಸಮಾನರು ಎಂಬ ಮಾತಿನ ಮೇಲೆ ನಡೆಯುವ ಮದುವೆ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿದರು. ಅವರ ಮಟ್ಟಿಗೆ ವಿಶ್ವಮಾನವ ಆಗುವುದಕ್ಕೂ ಮಗನ ಮದುವೆಯಲ್ಲಿ ಕಾಸು ಕೇಳದಿರುವುದಕ್ಕೂ ಅಂತರವಿರಲಿಲ್ಲ. ನಮ್ಮ ಶಾಲೆಗಳು ಮೊದಲನೆಯದಕ್ಕೆ ಒಂದು ದಿನ ಇಟ್ಟು ಎರಡನೆಯದನ್ನು ಕೈಬಿಟ್ಟಿವೆ. ಬಿಟ್ಟದ್ದು ಅನುಕೂಲಕ್ಕಾಗಿ ಎಂದೇ ನನ್ನ ಅನುಮಾನ.

ಶಾಲೆಯಲ್ಲಿ ಕಲಿಸಿದರೆ ಬದಲಾಗುತ್ತದೆಯೇ? ಹೆಣ್ಣು ಭ್ರೂಣಹತ್ಯೆಗೆ ಹೆಸರಾದ ಹರಿಯಾಣದಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆ 2014ರಿಂದ ಎರಡೂವರೆ ವರ್ಷ ಸರ್ಕಾರಿ ಶಾಲೆಗಳಲ್ಲಿ ಪ್ರಯತ್ನ ಮಾಡಿತು. ಸೋನಿಪತ್, ಪಾಣಿಪತ್, ರೋಹ್ತಕ್, ಝಜ್ಜರ್ ಜಿಲ್ಲೆಗಳ ಏಳು, ಎಂಟನೆಯ ತರಗತಿಯ ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ, ಸುಮಾರು ಮೂರು ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಮಾತುಕತೆ. ಮನೆಗೆಲಸ ಯಾರು ಮಾಡಬೇಕು, ತಂಗಿಯ ಓದು ಯಾಕೆ ನಿಲ್ಲುತ್ತದೆ, ಇಂಥವೇ ವಿಷಯ. ಪಾಠ ನಡೆದ ಶಾಲೆಗಳನ್ನೂ ನಡೆಯದ ಶಾಲೆಗಳನ್ನೂ ಹೋಲಿಸಿ ನೋಡಿದಾಗ ಮಕ್ಕಳ ಅಭಿಪ್ರಾಯ ಬದಲಾದದ್ದು ಕಂಡಿತು. ಹುಡುಗರು ಮನೆಗೆಲಸಕ್ಕೆ ಕೈ ಹಾಕಿದ್ದಾಗಿ ಹೇಳಿದರು. ಎರಡು ವರ್ಷ ಬಿಟ್ಟು ಮತ್ತೆ ವಿಚಾರಿಸಿದಾಗಲೂ ಆ ಬದಲಾವಣೆ ಅಳಿದಿರಲಿಲ್ಲ. ಆದರೆ ನಡವಳಿಕೆಯಲ್ಲಿ ಹುಡುಗರಷ್ಟು ಬದಲಾವಣೆ ಹುಡುಗಿಯರಲ್ಲಿ ಕಾಣಲಿಲ್ಲ. ಯಾಕಿರಬಹುದು? ಹುಡುಗ ಮನಸ್ಸು ಮಾಡಿದರೆ ಪೊರಕೆ ಹಿಡಿಯಬಹುದು, ತಡೆಯುವವರಿಲ್ಲ. ಹುಡುಗಿ ಮನಸ್ಸು ಮಾಡಿದರೂ ಮನೆ ಬಿಡಬೇಕಲ್ಲ! ಅಲ್ಲಿ ಶಾಲೆಯ ಕೈ ಸೋಲುತ್ತದೆ, ತಾಯಂದಿರ ಕೆಲಸ ಶುರುವಾಗುತ್ತದೆ.

ಈ ಪಾಠ ಬೇಕೆಂದು ಕೇಳುವ ಜಾಗ ನಮಗೆ ಇದೆ. ಶಾಲಾಭಿವೃದ್ಧಿ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿ, ಅರ್ಧದಷ್ಟು ಹೆಂಗಸರಿರಬೇಕೆಂಬುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಮಾತು. ಎಷ್ಟೋ ಕಡೆ ಆ ಹೆಂಗಸರು ಬಿಸಿಯೂಟದ ಬೇಳೆ ನೋಡಲು, ಸಹಿ ಹಾಕಲು ಮಾತ್ರ. ಮಕ್ಕಳ ಗ್ರಾಮಸಭೆಯೂ ಇದೆ. ಅಲ್ಲಿ ಮಕ್ಕಳು ಶೌಚಾಲಯ, ಕಾಂಪೌಂಡು ಕೇಳುತ್ತಾರೆ, ಕೇಳಲೇಬೇಕು. ಜೊತೆಗೆ, ಹತ್ತನೆಯ ತರಗತಿ ಮುಗಿಯುವ ಮೊದಲೇ ನಮ್ಮ ಗೆಳತಿಯ ಮದುವೆ ಯಾಕೆ ಎಂದೂ ಅವರೇ ಕೇಳಲಿ.

ಮೇಷ್ಟ್ರು, ಮೇಡಂ ಇಬ್ಬರೂ ಒಂದೇ ಮಾತು ಹೇಳುತ್ತಾರೆ: ಅದು ಮನೆ ವಿಷಯ, ನಮಗ್ಯಾಕೆ? ಅವರ ಹೆದರಿಕೆಯಲ್ಲಿ ಒಂದು ಮಾತು ಸರಿಯಿದೆ. ‘ನಿಮ್ಮ ಮನೆಯಲ್ಲಿ ಅಪ್ಪ ಹೊಡೆಯುತ್ತಾರಾ’ ಎಂದು ತರಗತಿಯಲ್ಲಿ ಮಗುವನ್ನು ನಿಲ್ಲಿಸಿ ಕೇಳಬಾರದು. ಆ ಉತ್ತರ ಸಂಜೆಯೊಳಗೆ ಅಪ್ಪನ ಕಿವಿಗೆ ಬೀಳುತ್ತದೆ, ರಾತ್ರಿ ತಾಯಿಯ ಬೆನ್ನಿಗೆ ಬೀಳುತ್ತದೆ. ಸರದ ಕಥೆಯಿಂದ ಶುರು ಮಾಡಿದರೆ ಯಾವ ಮನೆಯ ಹೆಸರೂ ಬರುವುದಿಲ್ಲ. ಮಗು ತಾನಾಗಿ ಬಂದು ಹೇಳಿದರೆ ಏನು ಮಾಡಬೇಕೆಂಬುದು ಮೇಡಂಗೆ ಮೊದಲೇ ಗೊತ್ತಿರಬೇಕು: ಮಕ್ಕಳಿಗೆ 1098, ಹೆಂಗಸರಿಗೆ 181. ಈ ಎರಡು ನಂಬರು ಶಾಲೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆದಿರಲಿ.

ಮುಂದಿನ ಎಸ್‌ಡಿಎಂಸಿ ಸಭೆಗೆ ಸಂಘದಿಂದ ಇಬ್ಬರಾದರೂ ಹೋಗಿ. ಬರುವ ವಿಶ್ವಮಾನವ ದಿನಕ್ಕೆ ಭಾಷಣದ ಬದಲು ಏಳು, ಎಂಟನೆಯ ತರಗತಿಯ ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಈ ಸರದ ಪಾಠ ಮಾಡಲು ಕೇಳಿ. ಕೋಲಾರ ಜಿಲ್ಲೆಯವರಾದರೆ ಮಕ್ಕಳನ್ನು ಕರೆದುಕೊಂಡು ಹೋಗಿ ದಿಬ್ಬವನ್ನೇ ತೋರಿಸಬಹುದು. ಆಗಲಿ ಎಂದು ಬಾಯಲ್ಲಿ ಹೇಳಿದರೆ ಎದ್ದು ಬರಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಕೆಳಗೆ ಎಲ್ಲರ ಸಹಿ ಹಾಕಿಸಿ.